ನೀರೇ ಸಿಡಿಮದ್ದಾದಾಗ: ಬಿಸಿನೀರಿನ ಸ್ಫೋಟಗಳು, ಅವು ಬಿಟ್ಟುಹೋದ ಗುಂಡಿಗಳು

ಕಳೆದ ಭಾನುವಾರ ಲೈಬ್ರರಿ ಹಾಲ್‌ನಲ್ಲಿ ಮಾತಾಡಿದ್ದನ್ನ ಬರೆದು ಹಾಕಿ ಅಂತ ಅವತ್ತು ಬರೋಕಾಗದೆ ಇದ್ದ ಕೆಲವರು ಕೇಳಿದ್ರು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದೀನಿ, ಮಾತಾಡಿದ ಹಾಗೇ ಇದೆ, ಮಧ್ಯೆ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಬೆಳಗಿನ ವಿಷಯ ಹೇಳ್ತೀನಿ. 2024ರ ಜುಲೈ 23, ಮಂಗಳವಾರ. ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್. ಬೆಳಿಗ್ಗೆ ಹತ್ತು ಗಂಟೆ ಹತ್ತಿರ, ಬೇಸಿಗೆ ರಜೆ, ಮಕ್ಕಳುಮರಿ ಕಟ್ಕೊಂಡು ಜನ ಬಂದಿದಾರೆ. ಓಲ್ಡ್ ಫೇಯ್ತ್‌ಫುಲ್ ಅನ್ನೋ ಪ್ರಸಿದ್ಧ ಬಿಸಿನೀರ ಚಿಲುಮೆಯಿಂದ ಮೂರೂವರೆ ಕಿಲೋಮೀಟರ್ ಆಚೆ ಬಿಸ್ಕೆಟ್ ಬೇಸಿನ್ ಅಂತ ಜಾಗ, ಅಲ್ಲಿ ಮರದ ಹಲಗೆ ಹಾಸಿ ದಾರಿ ಮಾಡಿದಾರೆ, ಅದರ ಮೇಲೆ ನಡ್ಕೊಂಡು ನೀಲಿ ಹಸಿರು ಬಣ್ಣದ ಬಿಸಿನೀರ ಕೊಳಗಳನ್ನ ನೋಡ್ಬೇಕು. ಒಂದು ಕೊಳದ ಹೆಸರು ಬ್ಲ್ಯಾಕ್ ಡೈಮಂಡ್ ಪೂಲ್. ಆ ಕೊಳ ಇದ್ದಕ್ಕಿದ್ದ ಹಾಗೆ ಸಿಡೀತು. ಕಪ್ಪು ಕೆಸರು, ಕಲ್ಲು, ಆವಿ ಎಲ್ಲಾ ಸೇರಿ ನೂರಾರು ಅಡಿ ಎತ್ತರಕ್ಕೆ ಹೋಯ್ತು. ಹಲಗೆ ದಾರಿಯ ಬೇಲಿ, ಬೆಂಚು ಎಲ್ಲಾ ಮುರಿದು ಬಿತ್ತು. ವಿಡಿಯೋ ನೀವೂ ನೋಡಿರ್ತೀರಿ, ಜನ ಕಿರುಚ್ಕೊಂಡು ಓಡ್ತಾ ಇರೋದು, ಹಿಂದೆ ಕಪ್ಪು ಗೋಡೆ ಎದ್ದು ನಿಂತಿರೋದು. ಒಬ್ಬರಿಗೂ ಗಾಯ ಆಗ್ಲಿಲ್ಲ. ದೊಡ್ಡ ಬಂಡೆಗಳು ಹೆಚ್ಚಾಗಿ ಫೈರ್‌ಹೋಲ್ ನದಿ ಕಡೆ ಬಿದ್ವು, ಜನ ಇದ್ದ ಕಡೆಗಲ್ಲ, ಅಷ್ಟೇ ಕಾರಣ.

ನಾನು ಅದೇ ಹಲಗೆ ಮೇಲೆ ನಿಂತಿದ್ದೆ. 2017ರಲ್ಲಿ ಮಗಳು ಅಳಿಯನ ಜೊತೆ ಹೋಗಿದ್ದಾಗ. ಮೊಮ್ಮಗ ಆಗ ಆರು ವರ್ಷದವನು, ಬೇಲಿ ಸಂದಿಯಿಂದ ಬಗ್ಗಿ ಬಗ್ಗಿ ನೋಡ್ತಿದ್ದ, ನಾನು ಅವನ ಶರ್ಟ್ ಹಿಡ್ಕೊಂಡಿದ್ದೆ. ಬಿಸಿನೀರಿಗೆ ಬಿದ್ಬಿಟ್ರೆ ಅಂತ ಭಯ ಇತ್ತು. ನೀರೇ ನೆಲ ಒಡೆದು ಮೇಲೆ ಬರಬಹುದು ಅಂತ ಆ ಗಳಿಗೆಯಲ್ಲಿ ತಲೆಗೆ ಹೊಳೀಲೇ ಇಲ್ಲ. ಆ ವಿಡಿಯೋ ನೋಡಿದ ದಿನದಿಂದ ಈ ವಿಷಯ ಬಿಡದೆ ಓದ್ತಾ ಇದೀನಿ, ಅದನ್ನೇ ನಿಮ್ಮ ಮುಂದೆ ಇಡ್ತಿರೋದು.

ಇದಕ್ಕೆ ಹೈಡ್ರೋಥರ್ಮಲ್ ಸ್ಫೋಟ ಅಂತಾರೆ. ಕನ್ನಡದಲ್ಲಿ ಸುಮ್ನೆ ಬಿಸಿನೀರಿನ ಸ್ಫೋಟ ಅಂದ್ರೂ ಅರ್ಥ ಪೂರ್ತಿ ಬರತ್ತೆ. ಜ್ವಾಲಾಮುಖಿ ಅಲ್ಲ ಇದು. ಶಿಲಾರಸ ಮೇಲೆ ಬರಲ್ಲ, ಲಾವಾ ಹರಿಯಲ್ಲ. ಕೆಳಗೆ ಎಲ್ಲೋ ಆಳದಲ್ಲಿ ಶಿಲಾರಸ ಇದೆ, ಅದು ಒಲೆ ಇದ್ದ ಹಾಗೆ, ಕಾಯಿಸೋದಷ್ಟೇ ಅದರ ಕೆಲಸ. ಸಿಡಿಯೋದು ನೀರು.

ನೀರು ಹೇಗೆ ಸಿಡಿಯತ್ತೆ? ನಮ್ಮ ಅತ್ತಿಗೆ ಮನೇಲಿ ಒಂದ್ಸಲ ಕುಕ್ಕರ್‌ನಲ್ಲಿ ಇನ್ನೂ ಪ್ರೆಷರ್ ಇರೋವಾಗ್ಲೇ ಯಾರೋ ಬಲವಂತವಾಗಿ ಮುಚ್ಚಳ ತಿರುಗಿಸಿಬಿಟ್ರು, ಬೇಳೆ ಪೂರ್ತಿ ಸೂರಿಗೆ ಹೋಗಿ ಹೊಡೀತು, ಆ ಹಳದಿ ಕಲೆ ಸುಣ್ಣ ಹೊಡೆಸೋ ತನಕ ಹಾಗೇ ಇತ್ತು. ಈಗ ಯೋಚನೆ ಮಾಡಿ, ಬೇಳೆನ ಅಷ್ಟು ಜೋರಾಗಿ ಮೇಲಕ್ಕೆ ಎಸೆದಿದ್ದು ಯಾವುದು? ಮುಚ್ಚಳದ ಕೆಳಗೆ ಮೊದಲೇ ಸೇರ್ಕೊಂಡಿದ್ದ ಆವಿ ಅಂತ ನಾವಂದ್ಕೋತೀವಿ, ಆದ್ರೆ ಅದು ಸ್ವಲ್ಪವೇ. ಕುಕ್ಕರ್ ಒಳಗಿನ ನೀರು 120 ಡಿಗ್ರಿ ಹತ್ತಿರ ಇರತ್ತೆ, ಪ್ರೆಷರ್ ಇರೋದ್ರಿಂದ ಕುದಿಯದೆ ನೀರಾಗೇ ಕೂತಿರತ್ತೆ. ಮುಚ್ಚಳ ಹೋದ ತಕ್ಷಣ ಆ ನೀರಿಗೆ ನೀರಾಗಿ ಇರೋಕೆ ಸಾಧ್ಯಾನೇ ಇಲ್ಲ, ಬೇಳೆಯ ಕಣಕಣದ ಮಧ್ಯೆ ಇರೋ ನೀರೂ ಒಟ್ಟಿಗೇ ಆವಿಯಾಗೋಕೆ ಹೊರಡತ್ತೆ. ಅಂದ್ರೆ ಶಕ್ತಿ ಆವಿಯಲ್ಲಿ ಇರ್ಲಿಲ್ಲ, ನೀರಲ್ಲಿ ಇತ್ತು. ಇದೊಂದು ವಿಷಯ ಮನಸ್ಸಲ್ಲಿ ಕೂತ್ರೆ ಉಳಿದಿದ್ದೆಲ್ಲಾ ತಾನೇ ಬಿಡಿಸ್ಕೊಳ್ಳತ್ತೆ.

ಭೂಮಿ ಒಳಗೆ ಮುಚ್ಚಳದ ಕೆಲಸ ಮಾಡೋದು ಮೇಲಿರೋ ನೀರಿನ ಭಾರ. ಪ್ರತಿ ಹತ್ತು ಮೀಟರ್ ಆಳಕ್ಕೆ ನಮ್ಮ ಮೇಲಿರೋ ಇಡೀ ಗಾಳಿಯ ಒತ್ತಡದಷ್ಟು ಒತ್ತಡ ಹೆಚ್ಚಾಗ್ತಾ ಹೋಗತ್ತೆ. ಹಾಗಾಗಿ ನೂರು ಮೀಟರ್ ಆಳದಲ್ಲಿ ನೀರು ಕುದಿಯೋಕೆ 180 ಡಿಗ್ರಿಗಿಂತ ಮೇಲೆ ಬೇಕು. ಯೆಲ್ಲೋಸ್ಟೋನ್ ಎತ್ತರದ ಪ್ರದೇಶ, ಮೇಲ್ಗಡೆ ನೀರು 93 ಡಿಗ್ರಿಗೇ ಕುದಿಯತ್ತೆ, ಕೆಳಗೆ ಹೋದಷ್ಟೂ ಈ ಮಿತಿ ಏರ್ತಾ ಹೋಗತ್ತೆ. ಅಲ್ಲಿನ ನಾರಿಸ್ ಅನ್ನೋ ಜಾಗದಲ್ಲಿ ಸಂಶೋಧನೆಗೆ ಕೊರೆದ ಬೋರ್‌ನಲ್ಲಿ 330 ಮೀಟರ್ ಆಳದಲ್ಲಿ 237 ಡಿಗ್ರಿ ಸಿಕ್ಕಿದೆ. ನಮ್ಮ ಕಡೆ ಕೆಲವರ ತೋಟದ ಬೋರ್‌ವೆಲ್ ಅಷ್ಟು ಆಳ ಇರತ್ತೆ, ಅಷ್ಟೇ ದೂರ.

ಈಗ ಲೆಕ್ಕ ಹಾಕೋಣ. 180 ಡಿಗ್ರಿ ದಾಟಿದ ಒಂದು ಲೀಟರ್ ನೀರಿನ ಮೇಲಿದ್ದ ಭಾರ ಥಟ್ ಅಂತ ಹೋಯ್ತು ಅನ್ಕೊಳ್ಳಿ. ಆ ನೀರು ಪೂರ್ತಿ ಆವಿ ಆಗಲ್ಲ, ಆರರಲ್ಲಿ ಒಂದು ಪಾಲು ಮಾತ್ರ ಆಗತ್ತೆ, ಉಳಿದದ್ದು ತಣ್ಣಗಾಗಿ ಕುದಿಯೋ ನೀರಾಗಿ ಉಳಿಯತ್ತೆ. ಅಷ್ಟೇನಾ ಅನ್ಸತ್ತೆ. ಆದ್ರೆ ಒಂದು ಲೀಟರ್ ನೀರು ಆವಿಯಾದ್ರೆ ಸಾವಿರದ ಏಳುನೂರು ಲೀಟರ್‌ನಷ್ಟು ಜಾಗ ಬೇಕು, ಆರರಲ್ಲಿ ಒಂದು ಪಾಲು ಅಂದ್ರೂ ಸುಮಾರು 300 ಲೀಟರ್. ಬಂಡೆಯ ಸಣ್ಣ ಬಿರುಕಲ್ಲಿ ಕೂತಿದ್ದ ಒಂದು ಲೀಟರ್ ನೀರು ಕಣ್ಣು ಮಿಟುಕಿಸೋದ್ರೊಳಗೆ 300 ಲೀಟರ್ ಜಾಗ ಬೇಕು ಅಂದ್ರೆ ಬಂಡೆ ಏನ್ ಮಾಡತ್ತೆ ಹೇಳಿ, ಪುಡಿಪುಡಿಯಾಗತ್ತೆ. ಮೇಲಿನ ಪದರ ಹಾರಿಹೋದ ತಕ್ಷಣ ಅದರ ಕೆಳಗಿನ ನೀರಿನ ಮೇಲಿದ್ದ ಭಾರವೂ ಹೋಯ್ತು, ಅದೂ ಸಿಡಿಯತ್ತೆ, ಅದು ಹೋದ್ರೆ ಅದರ ಕೆಳಗಿಂದು. ಹೀಗೆ ಸ್ಫೋಟ ಮೇಲಿಂದ ಶುರುವಾಗಿ ಕೆಳಕ್ಕೆ ಇಳೀತಾ ಹೋಗತ್ತೆ. ಬಾಂಬ್ ಹಾಗೆ ಒಂದು ಜಾಗದಲ್ಲಿ ಇಟ್ಟ ಮದ್ದು ಅಲ್ಲ ಇದು, ನೆಲದ ಒಳಗಿನ ಇಡೀ ನೀರೇ ಮದ್ದು.

ಹಾಗಾದ್ರೆ ಅಲ್ಲಿರೋ ಗೀಸರ್‌ಗಳು, ಅಂದ್ರೆ ಓಲ್ಡ್ ಫೇಯ್ತ್‌ಫುಲ್ ತರದ ಚಿಮ್ಮೋ ಬಿಸಿನೀರ ಚಿಲುಮೆಗಳು? ಒಬ್ಬ ಹುಡುಗ ಕೇಳಿದ ಪ್ರಶ್ನೆ, ಒಳ್ಳೇ ಪ್ರಶ್ನೆ. ಗೀಸರ್‌ನಲ್ಲೂ ನಡೆಯೋದು ಇದೇ. ಆದ್ರೆ ಅಲ್ಲಿ ಮೇಲಕ್ಕೆ ಪೈಪ್ ತೆರೆದಿರತ್ತೆ, ನೀರು ಆವಿ ಚಿಮ್ಮಿ ಆಚೆ ಹೋಗತ್ತೆ, ಮತ್ತೆ ತುಂಬ್ಕೊಳ್ಳತ್ತೆ, ಮತ್ತೆ ಚಿಮ್ಮತ್ತೆ. ದಾರಿ ಮುಚ್ಚಿಹೋದ್ರೆ ಕಷ್ಟ. ಮುಚ್ಚೋದು ಯಾರು ಅಂದ್ರೆ ಅದೇ ನೀರು. ಬಚ್ಚಲಮನೆ ಹಂಡೆ ಒಳಗೆ ಬೋರ್ ನೀರು ಕಾಯಿಸಿ ಕಾಯಿಸಿ ಬಿಳಿ ಪದರ ಕಟ್ಟತ್ತಲ್ಲ, ಕೊನೆಗೆ ನಲ್ಲಿಯಲ್ಲಿ ನೀರೇ ಬರದ ಹಾಗೆ ಆಗತ್ತಲ್ಲ, ಅದೇ ತರ. ಅಲ್ಲಿ ಸುಣ್ಣದ ಬದಲು ಸಿಲಿಕಾ, ಮರಳಲ್ಲೂ ಗಾಜಲ್ಲೂ ಇರೋ ವಸ್ತು. ಯೆಲ್ಲೋಸ್ಟೋನಿನ ಬಂಡೆ ರಯೊಲೈಟ್, ಅದರಲ್ಲಿ ಸಿಲಿಕಾ ಜಾಸ್ತಿ, ಬಿಸಿನೀರು ಅದನ್ನ ಕರಗಿಸ್ಕೊಂಡು ಮೇಲೆ ಬರತ್ತೆ, ಮೇಲೆ ತಣ್ಣಗಾದಾಗ ಬಿಟ್ಟುಬಿಡತ್ತೆ. ಬಿರುಕುಗಳನ್ನ ಗಾರೆ ಹಾಕಿ ಮುಚ್ಚಿದ ಹಾಗೆ ಮುಚ್ತಾ ಬರತ್ತೆ. ನಾರಿಸ್‌ನ ಪೋರ್ಕ್‌ಚಾಪ್ ಗೀಸರ್‌ದು ಇದೇ ಕಥೆ, ಬಾಯಿ ತುಂಬಾ ಕಿರಿದಾಗಿತ್ತು, 1985ರಿಂದ ಬಿಡದೆ ಚಿಮ್ತಾ ಇತ್ತು, 1989ರ ಸೆಪ್ಟೆಂಬರ್ 5ರಂದು ಪ್ರವಾಸಿಗರ ಕಣ್ಣೆದುರೇ ಸಿಡೀತು. ಸುತ್ತಲಿನ ಸಿಲಿಕಾ ಹಾಸುಗಲ್ಲುಗಳು ಹೂವಿನ ಎಸಳು ಬಿಚ್ಚಿದ ಹಾಗೆ ಹೊರಕ್ಕೆ ಮಗುಚಿಕೊಂಡ್ವು, ಕಲ್ಲುಗಳು 60 ಮೀಟರ್‌ಗಿಂತ ದೂರ ಹೋಗಿ ಬಿದ್ವು.

ಬಿಸ್ಕೆಟ್ ಬೇಸಿನ್ ಹೆಸರಿಗೂ ಇದಕ್ಕೂ ಸಂಬಂಧ ಇದೆ. ಅಲ್ಲಿನ ಸಫೈರ್ ಪೂಲ್ ಸುತ್ತ ಸಿಲಿಕಾ ಕಟ್ಟಿ ಬಿಸ್ಕೆಟ್ ಜೋಡಿಸಿಟ್ಟ ಹಾಗೆ ಕಾಣ್ತಿತ್ತಂತೆ. 1959ರ ಆಗಸ್ಟ್ 17ರ ರಾತ್ರಿ ಹೆಬ್ಗೆನ್ ಲೇಕ್ ಭೂಕಂಪ ಆಯ್ತು, 7ಕ್ಕಿಂತ ಹೆಚ್ಚಿನ ತೀವ್ರತೆ. ಅದಾದ್ಮೇಲೆ ಸಫೈರ್ ಪೂಲ್ ಜೋರಾಗಿ ಚಿಮ್ಮೋಕೆ ಶುರುವಾಗಿ ಆ ಬಿಸ್ಕೆಟ್‌ಗಳನ್ನೆಲ್ಲಾ ಕಿತ್ತು ಎಸೆದುಬಿಡ್ತು. ಹೆಸರು ಮಾತ್ರ ಉಳ್ಕೊಂಡಿದೆ. ಅದೇ ಬೇಸಿನ್‌ನಲ್ಲಿ 2009ರಲ್ಲೂ ಒಂದು ಸಣ್ಣ ಸ್ಫೋಟ ಆಗಿತ್ತು.

ಇನ್ನು ಗುಂಡಿಗಳ ವಿಷಯ, ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. 2024ರಲ್ಲಿ ಆಗಿದ್ದು ಸಣ್ಣದು ಅಂತ ಹೇಳಿದ್ರೆ ನಂಬ್ತೀರಾ? ಯೆಲ್ಲೋಸ್ಟೋನ್ ಸರೋವರದ ಉತ್ತರ ದಂಡೆ ಕಡೆ ಮೇರಿ ಬೇ ಅಂತ ಒಂದು ಕೊಲ್ಲಿ ಇದೆ. ಮ್ಯಾಪ್‌ನಲ್ಲಿ ನೋಡಿದ್ರೆ ದುಂಡಗೆ ಒಂದು ತುತ್ತು ಕಚ್ಚಿ ತೆಗೆದ ಹಾಗೆ ಇರತ್ತೆ. ಅದು ಕೊಲ್ಲಿ ಅಲ್ಲ, ಸ್ಫೋಟದ ಗುಂಡಿ, ಹೆಚ್ಚಿನ ಭಾಗ ನೀರೊಳಗೆ ಮುಳುಗಿದೆ. ಅಗಲ ಸುಮಾರು ಎರಡೂವರೆ ಕಿಲೋಮೀಟರ್. ನಮಗೆ ಗೊತ್ತಿರೋ ಬಿಸಿನೀರ ಸ್ಫೋಟದ ಗುಂಡಿಗಳಲ್ಲಿ ಇಡೀ ಪ್ರಪಂಚಕ್ಕೇ ದೊಡ್ಡದು. ಮಹಾರಾಷ್ಟ್ರದ ಲೋಣಾರ್ ನೋಡಿದವರು ಇಲ್ಲಿ ಕೆಲವರಿದೀರಿ, ಅದು ಉಲ್ಕೆ ಬಿದ್ದು ಆಗಿದ್ದು, ಅಗಲ 1.8 ಕಿಲೋಮೀಟರ್. ಆಕಾಶದಿಂದ ಬಂದ ಕಲ್ಲು ಮಾಡಿದ್ದಕ್ಕಿಂತ ದೊಡ್ಡ ಗುಂಡಿಯನ್ನ ಇಲ್ಲಿ ಬಿಸಿನೀರು ಮಾಡಿದೆ. ಸುಮಾರು 13,000 ವರ್ಷದ ಹಿಂದೆ.

ಅಷ್ಟು ದೊಡ್ಡದು ಹೇಗಾಯ್ತು ಅನ್ನೋದನ್ನ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಲೀಸಾ ಮೋರ್ಗನ್ ಮತ್ತೆ ಅವರ ಜೊತೆಯವರು ತುಂಬಾ ವರ್ಷ ಕೂತು ಬಿಡಿಸಿದಾರೆ. 1999ರಿಂದ 2003ರ ತನಕ ಸರೋವರದ ತಳವನ್ನ ಸೋನಾರ್ ಹಾಕಿ, ಅಂದ್ರೆ ನೀರೊಳಗೆ ದನಿ ಕಳಿಸಿ ಪ್ರತಿಧ್ವನಿಯಿಂದ ಆಳ ತಿಳ್ಕೊಂಡು, ಅಂಗುಲ ಅಂಗುಲ ಅಳೆದಂಗೆ ಮ್ಯಾಪ್ ಮಾಡಿದ್ರು. ಆಗ ಗೊತ್ತಾಯ್ತು, ಶಾಂತವಾಗಿ ಕಾಣೋ ಆ ನೀರಿನ ಕೆಳಗೆ ಗುಂಡಿಗಳು, ಬಿಸಿನೀರ ಬಾಯಿಗಳು, ಉಬ್ಬಿದ ದಿಬ್ಬಗಳು ತುಂಬ್ಕೊಂಡಿದಾವೆ. ಒಂದು ಗುಂಡಿಗೆ ಎಲಿಯಟ್ಸ್ ಕ್ರೇಟರ್ ಅಂತ ಹೆಸರಿಟ್ರು, 1871ರಲ್ಲಿ ಹೇಡನ್ ಅನ್ನೋರ ನೇತೃತ್ವದಲ್ಲಿ ಯೆಲ್ಲೋಸ್ಟೋನಿಗೆ ಹೋದ ಸರ್ವೆಯಲ್ಲಿ ಆ ಸರೋವರದ ಮ್ಯಾಪ್ ಬರೆದ ಹೆನ್ರಿ ಎಲಿಯಟ್ ನೆನಪಿಗೆ. ಅವರು ಮೇಲಿಂದ ನೋಡಿ ಬರೆದಿದ್ದ ನೀರಿನ ತಳದಲ್ಲಿ ಏನಿದೆ ಅಂತ ಗೊತ್ತಾಗೋಕೆ 130 ವರ್ಷ ಬೇಕಾಯ್ತು. ಆ ಗುಂಡಿ ಆಗಿದ್ದು ಸುಮಾರು 8,000 ವರ್ಷದ ಹಿಂದೆ.

ಮೇರಿ ಬೇ ಹತ್ರ ದಂಡೆ ಕುಸಿದ ಕಡೆ ಮಣ್ಣಿನ ಪದರಗಳು ಕಾಣತ್ವೆ. ಸ್ಫೋಟದ ಕಲ್ಲುಮಣ್ಣಿನ ಪದರದ ಸರಿ ಕೆಳಗೆ ಒಂದು ಮರಳಿನ ಪದರ ಇದೆ, ಅದು ದೊಡ್ಡ ಅಲೆ ಬಂದು ಹಾಸಿ ಹೋದ ಮರಳು. ಅಂದ್ರೆ ಮೊದಲು ಅಲೆ, ಆಮೇಲೆ ಸ್ಫೋಟ. ಮೋರ್ಗನ್ ತಂಡದವರು ಇದನ್ನ ಓದೋದು ಹೀಗೆ: ದೊಡ್ಡ ಭೂಕಂಪ ಆಯ್ತು, ಸರೋವರದಲ್ಲಿ ಸುನಾಮಿ ತರ ಅಲೆ ಎದ್ದಿತು, ನೀರು ಹೊರಗೆ ಹರಿದು ಸರೋವರದ ಮಟ್ಟ ಬೇಗ ಇಳೀತು, ತಳದ ಬಿಸಿನೀರಿನ ಮೇಲಿದ್ದ ಭಾರ ಹೋಯ್ತು. ಕುಕ್ಕರ್ ಮುಚ್ಚಳ ತೆಗೆದ ಹಾಗೆ. ಇದನ್ನ ಓದಿದ ದಿನ ನನಗೆ ರೋಮಾಂಚನ ಆಯ್ತು, ಒಂದು ಗೇಣು ಮರಳಲ್ಲಿ ಅಷ್ಟು ದೊಡ್ಡ ಘಟನೆಯ ಕ್ರಮ ಬರೆದಿಟ್ಟಿರತ್ತೆ, ಓದೋರು ಬೇಕು ಅಷ್ಟೇ.

ಅದರ ಪಕ್ಕದಲ್ಲೇ ಇಂಡಿಯನ್ ಪಾಂಡ್, ಸುಮಾರು 2,900 ವರ್ಷ ಹಳೇದು, ಈಗ ಬಾತುಕೋಳಿ ಈಜೋ ದುಂಡನೆ ಕೊಳ. ಸ್ವಲ್ಪ ಆಚೆ ಟರ್ಬಿಡ್ ಲೇಕ್, 9,400 ವರ್ಷ. ಯೆಲ್ಲೋಸ್ಟೋನ್ ಮೇಲೆ ಒಂದು ಕಾಲದಲ್ಲಿ ಕಿಲೋಮೀಟರ್ ದಪ್ಪದ ಹಿಮ ಇತ್ತು, ಅದು ಕರಗಿದ ಮೇಲಿನ ಸುಮಾರು 14,000 ವರ್ಷದಲ್ಲಿ ನೂರು ಮೀಟರ್‌ಗಿಂತ ದೊಡ್ಡ ಗುಂಡಿಗಳು ಹತ್ತಿರ ಹತ್ತಿರ 20 ಆಗಿವೆ, ಸರಾಸರಿ ಏಳುನೂರು ವರ್ಷಕ್ಕೊಂದು. ಸಣ್ಣ ಸ್ಫೋಟ ಪ್ರತಿವರ್ಷ ಒಂದೋ ಎರಡೋ ಆಗ್ತಾ ಇರತ್ತೆ, ಬಹಳಷ್ಟು ಜನ ಇಲ್ಲದ ಕಡೆ, ರಾತ್ರಿ ಹೊತ್ತು, ಚಳಿಗಾಲದ ಹಿಮದಲ್ಲಿ, ಯಾರ ಕಣ್ಣಿಗೂ ಬೀಳದೆ ಹೋಗತ್ತೆ.

ಇಂಥ ಗುಂಡಿ ಜ್ವಾಲಾಮುಖಿದಲ್ಲ, ಉಲ್ಕೆದಲ್ಲ, ಬಿಸಿನೀರಿಂದೇ ಅಂತ ಹೇಗೆ ಹೇಳ್ತಾರೆ ಅಂತ ಕೇಳಿದ್ರು. ಸುತ್ತ ಬಿದ್ದ ಕಲ್ಲು ನೋಡಿ ಹೇಳ್ತಾರೆ. ಜ್ವಾಲಾಮುಖಿ ಆದ್ರೆ ಆಗತಾನೇ ಗಟ್ಟಿಯಾದ ಹೊಸ ಶಿಲಾರಸದ ಚೂರು, ಗಾಜಿನಂಥ ಕಣ ಸಿಗಬೇಕು, ಇಲ್ಲಿ ಅದು ಸಿಗಲ್ಲ. ಉಲ್ಕೆ ಆದ್ರೆ ಆ ಹೊಡೆತದ ಗುರುತು ಖನಿಜಗಳ ಒಳಗೇ ಇರತ್ತೆ. ಇಲ್ಲಿ ಸಿಗೋದು ಹಳೇ ಬಂಡೆಗಳೇ, ಬಿಸಿನೀರಲ್ಲಿ ನೆಂದು ಬಣ್ಣಗೆಟ್ಟು ಜೇಡಿಯಾದವು, ಮೈಯೆಲ್ಲಾ ಸಿಲಿಕಾ ನರಗಳು ಹರಿದಿರೋವು. ಒಂದೇ ಕಲ್ಲಲ್ಲಿ ನರದ ಮೇಲೆ ನರ, ಅಂದ್ರೆ ಒಡೆದು, ಮುಚ್ಚಿ, ಮತ್ತೆ ಒಡೆದು, ಮತ್ತೆ ಮುಚ್ಚಿ.

ಇದು ಅಮೆರಿಕದ್ದೊಂದೇ ಕಥೆ ಅಲ್ಲ. ನ್ಯೂಜಿಲೆಂಡ್‌ನಲ್ಲಿ 1886ರ ಜೂನ್ 10ರಂದು ತರವೆರಾ ಪರ್ವತ ಸಿಡಿದಾಗ ರೊಟೊಮಹಾನಾ ಸರೋವರದ ತಳವೂ ಒಡೆದು ಪಿಂಕ್ ಆಂಡ್ ವೈಟ್ ಟೆರೇಸಸ್ ಅನ್ನೋ ಸಿಲಿಕಾ ಮೆಟ್ಟಿಲುಗಳು ಕಾಣೆಯಾದ್ವು, ಅದು ಶಿಲಾರಸ ನೀರು ಎರಡೂ ಸೇರಿ ಆಗಿದ್ದು. ಆದ್ರೆ ಅದೇ ಬಿರುಕಿನ ಗುಂಟ ಮುಂದೆ ವಾಯಿಮಂಗು ಅನ್ನೋ ಗೀಸರ್ ಹುಟ್ತು, ಮಾವೊರಿ ಭಾಷೆಯಲ್ಲಿ ಕಪ್ಪು ನೀರು ಅಂತ ಅರ್ಥ. 1900ರಿಂದ 1904ರ ತನಕ ಕೆಸರು ಕಲ್ಲು ಸಮೇತ 400 ಮೀಟರ್ ದಾಟಿ ಚಿಮ್ತಿತ್ತು. 1903ರಲ್ಲಿ ಹತ್ತಿರ ನಿಂತು ನೋಡ್ತಿದ್ದ ನಾಲ್ಕು ಜನ ಸತ್ರು. ಅದು ನಿಂತು ಎಷ್ಟೋ ವರ್ಷದ ಮೇಲೆ, 1917ರಲ್ಲಿ, ಪಕ್ಕದಲ್ಲೇ ಇನ್ನೊಂದು ಸ್ಫೋಟ ಆಗಿ ಎಕೋ ಕ್ರೇಟರ್ ದೊಡ್ಡದಾಯ್ತು, ಈಗ ಅಲ್ಲಿ ಫ್ರೈಯಿಂಗ್ ಪ್ಯಾನ್ ಲೇಕ್ ಇದೆ, ಪ್ರಪಂಚದ ಅತಿ ದೊಡ್ಡ ಬಿಸಿನೀರ ಬುಗ್ಗೆಗಳಲ್ಲೊಂದು. ವಾಯಿಓಟಪು ಅನ್ನೋ ಕಡೆ ಇರೋ ಶಾಂಪೇನ್ ಪೂಲ್, ಕಿತ್ತಳೆ ಅಂಚಿನ ಫೋಟೋ ಕ್ಯಾಲೆಂಡರ್‌ಗಳಲ್ಲಿ ನೋಡಿರ್ತೀರಿ, ಅದೂ ಸುಮಾರು 900 ವರ್ಷ ಹಿಂದಿನ ಸ್ಫೋಟದ ಗುಂಡಿಯೇ.

ಇದರ ಹತ್ತಿರದ ನೆಂಟ ಅನ್ನಬಹುದಾದ ಇನ್ನೊಂದು ಬಗೆ ಇದೆ, ಜೀವಂತ ಜ್ವಾಲಾಮುಖಿಯ ಬಾಯಲ್ಲೇ ನೀರು ಸಿಡಿಯೋದು. ಜಪಾನಿನ ಒಂಟಾಕೆ, 2014ರ ಸೆಪ್ಟೆಂಬರ್ 27, ಶನಿವಾರ ಮಧ್ಯಾಹ್ನದ ಹೊತ್ತು, ಬೆಟ್ಟ ಹತ್ತಿದವರು ತುದೀಲಿ ಊಟಕ್ಕೆ ಕೂತಿದ್ದ ಸಮಯ, ಸತ್ತವರು ಕಾಣೆಯಾದವರು ಸೇರಿ 63 ಜನ. ನ್ಯೂಜಿಲೆಂಡಿನ ಫಕಾರಿ ದ್ವೀಪ, 2019ರ ಡಿಸೆಂಬರ್ 9, ದ್ವೀಪದ ಮೇಲೆ 47 ಜನ ಇದ್ರು, 22 ಜನ ತೀರ್ಕೊಂಡ್ರು. ಈ ಸಂಖ್ಯೆಗಳನ್ನ ಹೇಳುವಾಗ ಅವತ್ತು ಹಾಲ್‌ನಲ್ಲಿ ನನಗೆ ಸ್ವಲ್ಪ ಹೊತ್ತು ಮಾತು ನಿಂತಿತು. ಆ ಹಲಗೆ ಮೇಲೆ ಮೊಮ್ಮಗನ ಶರ್ಟ್ ಹಿಡ್ಕೊಂಡು ನಿಂತಿದ್ದು ನೆನಪಾಯ್ತು.

ಯೆಲ್ಲೋಸ್ಟೋನ್ ಅಂದ ತಕ್ಷಣ ಯೂಟ್ಯೂಬ್‌ನಲ್ಲಿ ಸೂಪರ್ ವೊಲ್ಕೇನೋ, ಪ್ರಪಂಚ ಮುಳುಗತ್ತೆ ಅಂತ ವಿಡಿಯೋಗಳೇ ಬರೋದು. ಆ ಮಹಾಸ್ಫೋಟಗಳು ಆಗಿದ್ದು ನಿಜ, ಕೊನೇದು ಸುಮಾರು 6,30,000 ವರ್ಷದ ಹಿಂದೆ. ಆದ್ರೆ ಇವತ್ತು ಅಲ್ಲಿಗೆ ಟಿಕೆಟ್ ತಗೊಂಡು ಹೋಗೋ ಮನುಷ್ಯನ ಮುಂದೆ ನಿಜವಾಗಿ ಇರೋ ಅಪಾಯ ಇದು, ಬಿಸಿನೀರಿನದು. ದೊಡ್ಡ ಜ್ವಾಲಾಮುಖಿ ಏಳೋದಾದ್ರೆ ಭೂಕಂಪಗಳು, ನೆಲ ಉಬ್ಬೋದು, ಅನಿಲ ಬದಲಾಗೋದು, ಹೀಗೆ ಬಹಳ ಮುಂಚೆಯಿಂದ ಸೂಚನೆ ಸಿಗತ್ತೆ ಅಂತ ವಿಜ್ಞಾನಿಗಳು ನಿರೀಕ್ಷಿಸ್ತಾರೆ. 2024ರ ಜುಲೈ 23ಕ್ಕೆ ಅಂಥದ್ದೇನೂ ಇರ್ಲಿಲ್ಲ. ಉಪಕರಣಗಳೆಲ್ಲಾ ಹಿಂದಿನ ದಿನ ಹೇಗಿದ್ವೋ ಹಾಗೇ ಇದ್ವು. ನೀರು ಕುದಿಯೋ ಅಂಚಲ್ಲೇ ಕೂತಿರೋವಾಗ ಅದನ್ನ ಆಚೆ ದೂಡೋಕೆ ದೊಡ್ಡ ಕಾರಣ ಬೇಡ. ಭೂಕಂಪವೇ ಆಗಬೇಕು ಅಂತಿಲ್ಲ, ಎಲ್ಲೋ ಒಂದು ಬಿರುಕು ಮುಚ್ಚಿದ್ರೂ ಸಾಕು, ಇನ್ನೊಂದು ತೆರೆದ್ರೂ ಸಾಕು.

ನಮ್ಮಲ್ಲಿ? ಖಂಡಿತ ಕೇಳ್ತಾರೆ ಅಂತ ಗೊತ್ತಿತ್ತು, ದಕ್ಷಿಣ ಕನ್ನಡದ ಕಡೆಯವರೊಬ್ಬರು ಕೇಳಿದ್ರು. ಪುತ್ತೂರು ಕಡೆ ಇರ್ದೆಯ ಬೆಂದ್ರ್ ತೀರ್ಥ ಬಿಸಿನೀರ ಬುಗ್ಗೆನೇ, ಆದ್ರೆ ಆ ನೀರು ಸ್ನಾನಕ್ಕೆ ಹಿತವಾಗೋಷ್ಟು ಬೆಚ್ಚಗೆ, ಕುದಿಯೋ ಅಂಚಿನ ಹತ್ತಿರವೂ ಇಲ್ಲ, ಕೆಳಗೆ ಶಿಲಾರಸದ ಒಲೆಯೂ ಇಲ್ಲ. ಅಮ್ಮಂದಿರು ಧೈರ್ಯವಾಗಿ ಮಕ್ಕಳನ್ನ ಕರ್ಕೊಂಡು ಹೋಗಬಹುದು. ಹಿಮಾಲಯದಲ್ಲಿ ಮಣಿಕರಣ್‌ನಲ್ಲಿ ಬುಗ್ಗೆ ನೀರಲ್ಲೇ ಅನ್ನ ಬೇಯಿಸ್ತಾರೆ, ಲಡಾಖಿನ ಪೂಗಾ ಕಣಿವೆಯಲ್ಲಿ 4,400 ಮೀಟರ್ ಎತ್ತರದಲ್ಲಿ ನೀರು 84 ಡಿಗ್ರಿ ಹತ್ತಿರವೇ ಕುದಿಯತ್ತೆ, ಅಲ್ಲಿ ಭೂಶಾಖದಿಂದ ಕರೆಂಟ್ ತೆಗೆಯೋ ಕೆಲಸ ನಡೀತಿದೆ. ಅಂಥ ಕಡೆ ಕೊರೆಯೋವಾಗ ಒತ್ತಡದ ಲೆಕ್ಕ ಜೋಪಾನವಾಗಿ ಇಟ್ಕೋಬೇಕು. ನ್ಯೂಜಿಲೆಂಡಿನ ವೈರಾಕೇಯಲ್ಲಿ 1950ರ ದಶಕದಲ್ಲಿ ವಿದ್ಯುತ್ತಿಗೆ ಅಂತ ಬಿಸಿನೀರು ಎತ್ತೋಕೆ ಶುರುಮಾಡಿದ ಮೇಲೆ ಕೆಳಗಿನ ಒತ್ತಡ ಇಳಿದು, ಮೇಲ್ಗಡೆ ಆವಿ ಹೆಚ್ಚಾಗಿ, ಹತ್ತಿರದಲ್ಲೇ ಸಣ್ಣಪುಟ್ಟ ಸ್ಫೋಟದ ಗುಂಡಿಗಳು ಆದ್ವು. ಮೇರಿ ಬೇಯಲ್ಲಿ ಭೂಕಂಪ ಮಾಡಿದ ಕೆಲಸವನ್ನ ಇಲ್ಲಿ ಪಂಪು ಸಣ್ಣ ಪ್ರಮಾಣದಲ್ಲಿ ಮಾಡ್ತು.

ಮುನ್ಸೂಚನೆ ಸಾಧ್ಯವೇ ಇಲ್ವಾ ಅಂತ ಕೊನೇಲಿ ಕೇಳಿದ್ರು. ಈಗಿನ್ನೂ ಕಿವಿಗೊಡೋಕೆ ಶುರುಮಾಡಿದಾರೆ. ನಾರಿಸ್‌ನಲ್ಲಿ 2023ರಲ್ಲಿ ಇನ್‌ಫ್ರಾಸೌಂಡ್ ಉಪಕರಣ ಇಟ್ರು, ಮನುಷ್ಯರ ಕಿವಿಗೆ ಬೀಳದ ಬಹಳ ತಗ್ಗಿನ ದನಿ ಹಿಡಿಯೋದು. 2024ರ ಏಪ್ರಿಲ್ 15ರ ಮಧ್ಯಾಹ್ನ ಪೋರ್ಸಿಲೇನ್ ಟೆರೇಸ್ ಹತ್ರ ಒಂದು ಸಣ್ಣ ಸ್ಫೋಟದ ದನಿ ಅದರಲ್ಲಿ ದಾಖಲಾಯ್ತು. ಯೆಲ್ಲೋಸ್ಟೋನ್‌ನಲ್ಲಿ ಉಪಕರಣ ಹಿಡಿದ ಮೊದಲ ಬಿಸಿನೀರ ಸ್ಫೋಟ ಅದು. ಬಿಸ್ಕೆಟ್ ಬೇಸಿನ್‌ನಲ್ಲೂ ಆಮೇಲೆ ಕ್ಯಾಮೆರಾ, ಭೂಕಂಪಮಾಪಕ ಎಲ್ಲಾ ಹಾಕಿದಾರೆ, ಬ್ಲ್ಯಾಕ್ ಡೈಮಂಡ್ ಪೂಲ್ ತಿಂಗಳುಗಟ್ಟಲೆ ಆಗಾಗ ಕೆಸರು ಎಸೀತಾನೇ ಇತ್ತು.

ಮತ್ತೆ 2025ರ ಏಪ್ರಿಲ್ 10ರಂದು ಭೂವಿಜ್ಞಾನಿಗಳು ನಾರಿಸ್‌ಗೆ ಉಪಕರಣ ನೋಡ್ಕೊಂಡು ಬರೋಣ ಅಂತ ಹೋದ್ರು. ಮರಗಳ ಮಧ್ಯೆ ಹಿಂದಿನ ವರ್ಷ ಇಲ್ಲದೇ ಇದ್ದ ಒಂದು ಕೊಳ ಇತ್ತು. ನಾಲ್ಕು ಮೀಟರ್ ಅಗಲ, ತಿಳಿನೀಲಿ ನೀರು, 43 ಡಿಗ್ರಿ, ಸುತ್ತ ಬೂದು ಕೆಸರು ಮೆತ್ತಿದ ಕಲ್ಲುಗಳು. ಉಪಗ್ರಹದ ಚಿತ್ರ ಹಿಂದಕ್ಕೆ ಹಾಕಿ ನೋಡಿದ್ರೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮೊದಲರ್ಧದ ಮಧ್ಯೆ ಯಾವಾಗ್ಲೋ ಆಗಿದ್ದು. ಉಪಕರಣದ ದಾಖಲೆಯನ್ನೂ ತಿರುವಿ ನೋಡಿದ್ರು. ಹೇಳಿಕೊಳ್ಳುವಂಥ ದೊಡ್ಡ ಸದ್ದು ಒಂದೂ ಇರ್ಲಿಲ್ಲ.